ಹಗ್ಗದ ಹಿಂದೆ ಕುಳಿತ ಉಪವಾಸಿ

ಅಕ್ಷರ ಕೊಟ್ಟ ಗುರುವಿಗೆ, ನಿತ್ಯವೂ ಅಂಗೈಯಲ್ಲಿ ಕುಳಿತು ನನ್ನ ಪೂಜೆಯನ್ನು ಸಹಿಸಿಕೊಳ್ಳುವ ಇಷ್ಟಲಿಂಗಕ್ಕೆ, ನನ್ನ ದೇಹವನ್ನು ಇಷ್ಟು ಕಾಲ ಹೊತ್ತುಕೊಂಡಿರುವ ಭೂಮಿತಾಯಿಗೆ ಮೊದಲು ಕೃತಜ್ಞತೆಯಿಂದ ತಲೆಬಾಗುತ್ತೇನೆ. ಹೊತ್ತುಕೊಂಡಿರುವ ಎಂಬುದನ್ನು ಅಲಂಕಾರಕ್ಕೆ ಹೇಳಲಿಲ್ಲ. ಪ್ರಸಾದವನ್ನು ಬೇಡವೆನ್ನಬಾರದೆಂಬ ಸಂಸ್ಕಾರದಲ್ಲಿ ಬೆಳೆದವನು ನಾನು; ಆ ಸಂಸ್ಕಾರ ಈಗ ಸೊಂಟದ ಸುತ್ತ ನೆಲೆಸಿದೆ. ಪಾಠಶಾಲೆಯಲ್ಲಿ ವ್ಯಾಕರಣ ಹೇಳುತ್ತಿದ್ದಾಗ, ‘ಪಂಡಿತರು ಕುಳಿತರೆ ಪಾಠ ಮುಗಿಯುವ ತನಕ ಏಳುವುದಿಲ್ಲ’ ಎಂದು ಶಿಷ್ಯರು ನನ್ನ ಶ್ರದ್ಧೆಯನ್ನು ಕೊಂಡಾಡುತ್ತಿದ್ದರು. ಏಳಲು ಆಗುತ್ತಿರಲಿಲ್ಲವೆಂಬುದನ್ನು ನಾನೂ ಹೇಳಲಿಲ್ಲ.

ನಮ್ಮದು ಬೀದರಿನ ಮೈಲೂರ. ಕಾಲೇಜಿಗೆ ಹೋಗುವ ಮೊಮ್ಮಗಳು ಭಾಗ್ಯಶ್ರೀ ಊರಾಚೆಯ ಕೆಂಪು ಬಂಡೆಗಳನ್ನು ಬರಿಗೈಯಲ್ಲಿ ಹತ್ತುತ್ತಿದ್ದಳು. ಬೌಲ್ಡರಿಂಗ್ ಎನ್ನುವ ಆ ಆಟದಲ್ಲಿ ಬಂಡೆ ಗಿಡ್ಡ, ಕೆಳಗೆ ದಪ್ಪ ಹಾಸಿಗೆ. ಬಿದ್ದರೆ ಧೂಳು ಕೊಡವಿಕೊಂಡರಾಯಿತು. ಇತ್ತೀಚೆಗೆ ಅವಳ ಮನಸ್ಸು ಸ್ಪೋರ್ಟ್ ಕ್ಲೈಂಬಿಂಗಿನ ಕಡೆ ಹರಿಯಿತು. ಅದರಲ್ಲಿ ಔರಾದ ದಾರಿಯ ಹಳೆಯ ಕಲ್ಲುಗಣಿಯ ಕಪ್ಪು ಗೋಡೆಯನ್ನು ಹತ್ತುತ್ತ, ಅಲ್ಲಲ್ಲಿ ಬಡಿದ ಕೊಂಡಿಗಳಿಗೆ ಹಗ್ಗ ಸಿಕ್ಕಿಸಿಕೊಂಡು, ತುದಿಯ ಸರಪಳಿ ಮುಟ್ಟಬೇಕು. ಹಾಸಿಗೆಯಿಲ್ಲ. ಬಿದ್ದರೆ ಕೆಳಗೆ ಹಗ್ಗ ಹಿಡಿದ ಜೊತೆಗಾರರೇ ಗತಿ.

ಜೊತೆಗಾತಿ ರುಬೀನಾ, ಅವಳ ಕಾಲೇಜಿನ ಗೆಳತಿ, ಗಾಳಿಪಟದಂಥ ಹುಡುಗಿ. ಹಿಂದೊಂದು ಆಯ್ತವಾರ ಭಾಗ್ಯ ಕೈಜಾರಿದಾಗ, ಕೆಳಗೆ ಹಗ್ಗ ಹಿಡಿದಿದ್ದ ಇವಳು ಅದರ ಎಳೆತಕ್ಕೆ ನೆಲಬಿಟ್ಟು ಮೇಲೆದ್ದು ಗೋಡೆಗೆ ಬಡಿದುಕೊಂಡಳು. ಮೊಣಕೈ ತರಚಿತು, ಅಷ್ಟೆ. ಆದರೆ ಅಂದಿನಿಂದ ಭಾಗ್ಯ ಎತ್ತರದ ಕೊಂಡಿ ದಾಟಲು ಹೆದರಿ ಇಳಿದುಬಿಡುತ್ತಿದ್ದಳು. “ನಾ ಬಿದ್ರ ರುಬಿಗಿ ಪೆಟ್ಟಾಗ್ತದ” ಎನ್ನುವುದೊಂದೇ ಮಾತು.

ಭಾಲ್ಕಿಯಿಂದ ಬರುವ ತರಬೇತುದಾರರು ಖಡಾಖಂಡಿತವಾಗಿ ಹೇಳಿದರು: “ಬರೋ ಆಯ್ತವಾರ ಸರಪಳಿ ಮುಟ್ಟಿದ್ರ ಜಿಲ್ಲಾ ತಂಡದಾಗ ಹೆಸ್ರು. ಇಲ್ಲಂದ್ರ ಈ ವರ್ಷ ಗಿಡ್ಡ ಬಂಡೆನೇ ಹತ್ತು ಯವ್ವಾ.” ಬಳಿಕ ರುಬೀನಾ ಮತ್ತೆ ಮೇಲೇಳದಂತೆ ಅವಳ ಸೊಂಟಕ್ಕೆ ಹಿಂದಿನಿಂದ ಕಟ್ಟಿ ಕೂರಿಸಲು ಒಂದು ಭಾರಕ್ಕಾಗಿ ಸುತ್ತ ನೋಡಿದರು. ನೋಟ, ಮೊಮ್ಮಗಳ ಜೊತೆ ಗಣಿಗೆ ಬಂದು ಕುಳಿತಿದ್ದ ನನ್ನ ಮೇಲೆ ನಿಂತಿತು. “ಪಂಡಿತರ, ನೀವು ಸುಮ್ನ ಕುಂದ್ರಬೇಕ್ರಿ. ಮತ್ತೇನಿಲ್ಲ.” ಜೀವಮಾನದ ಅಭ್ಯಾಸವಿದ್ದ ಕೆಲಸ, ಒಪ್ಪಿದೆ.

ಒಪ್ಪಿದವನು ಮನೆಗೆ ಬಂದು ನಮ್ಮ ಮನೆತನದ ವಾಡಿಕೆಯಂತೆ ನಡೆದುಕೊಂಡೆ. ಮಕ್ಕಳ ಪರೀಕ್ಷೆಯಿರಲಿ, ಬಾಣಂತನವಿರಲಿ, ಹಿರಿಯರು ಹರಕೆ ಹೊತ್ತು ಉಪವಾಸವಿರುವುದು ನಮ್ಮಲ್ಲಿ ಪದ್ಧತಿ. ಮೊಮ್ಮಗಳು ಸರಪಳಿ ಮುಟ್ಟುವವರೆಗೆ ಅನ್ನ ಮುಟ್ಟೆನೆಂದು ಶುಕ್ರವಾರದ ಪೂಜೆಯಲ್ಲಿ ಸಂಕಲ್ಪ ಮಾಡಿದೆ. ಭಾರವಾಗಿ ಕೂರಲು ಒಪ್ಪಿದ್ದನ್ನೂ ಹೊಟ್ಟೆ ಖಾಲಿ ಮಾಡಿಕೊಳ್ಳುವುದನ್ನೂ ಕೂಡಿಸಿ ನೋಡುವ ಬುದ್ಧಿ ಇಷ್ಟು ಶಾಸ್ತ್ರ ಓದಿದವನಿಗೆ ಹೊಳೆಯಲಿಲ್ಲ.

ಆಯ್ತವಾರ ಗಣಿಯಲ್ಲಿ ನನ್ನ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದ ರುಬೀನಾ ಕೈ ತಡೆದಳು. “ಮುತ್ಯಾ, ಮಾರಿ ಯಾಕ ಬಾಡೇದ್ರಿ? ನಾಷ್ಟಾ ಮಾಡೀರಿಲ್ಲೊ?”

“ಉಪವಾಸ ಅದೀನವ್ವಾ. ಭಾಗ್ಯಾಗ ಒಳ್ಳೇದಾಗ್ಲಂತ.”

“ಅರೆ ಅಲ್ಲಾ! ರಂಜಾನ್‌ದಾಗ ರೋಜಾ ನಾನೂ ಇರ್ತೇನ್ರಿ. ಆದ್ರ ವಜನ್ ಆಗ್ಲಾಕ ಕುಂತಾಗ ಇರಂಗಿಲ್ರಿ!”

ಹಗ್ಗ ಕಟ್ಟಿಕೊಂಡು ನಿಂತಿದ್ದ ಭಾಗ್ಯ ತಿರುಗಿದಳು. “ಮುತ್ಯಾ, ನೀ ಉಣ್ಣಲಾರದ ನಾ ಹತ್ತಂಗಿಲ್ಲ.”

“ನೀ ಹತ್ತಲಾರದ ನಾ ಉಣ್ಣಂಗಿಲ್ಲ.”

“ಹೆಸ್ರು ಹೋದ್ರ ಹೋಗ್ಲಿ. ನೀ ಚಕ್ಕರ್ ಬಂದು ಬಿದ್ರ ರುಬಿನ್ನ ಯಾರ್ ಹಿಡೀಬೇಕು?”

ನಮ್ಮ ವಂಶದ ಹಟ ಅವಳಿಗೆ ಪೂರ್ತಿಯಾಗಿ ಬಂದಿದೆ. ತರಬೇತುದಾರರು ಆಕಾಶ ನೋಡಿದರು. ಬಿಸಿಲೇರುತ್ತಿತ್ತು, ಕಪ್ಪು ಕಲ್ಲು ಕಾದರೆ ಕೈ ನಿಲ್ಲುವುದಿಲ್ಲ. ನಾನು ಕಣ್ಣುಮುಚ್ಚಿ ಎದೆಯ ಮೇಲಿನ ಲಿಂಗಯ್ಯನಲ್ಲಿ ಕ್ಷಮೆ ಬೇಡಿದೆ. ಕಣ್ಣು ತೆರೆಯುವಷ್ಟರಲ್ಲಿ, ಸೊಸೆ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಮುಂದೆ ಬಂದಿದ್ದವು. ವ್ರತಭಂಗವನ್ನಾದರೂ ಶ್ರದ್ಧೆಯಿಂದ ಮಾಡಬೇಕೆಂದು ಎಲ್ಲವನ್ನೂ ಉಂಡೆ.

ಭಾಗ್ಯ ಹತ್ತಿದಳು. ಹೆದರಿ ಇಳಿಯುತ್ತಿದ್ದ ಕೊಂಡಿಯ ಬಳಿ ನಿಂತು ಒಮ್ಮೆ ಕೆಳಗೆ ನೋಡಿದಳು. “ಮುತ್ಯಾ, ಕುಂತೀಯಿಲ್ಲೊ?” ನಾನು ಕೂಗಿದೆ: “ಗಟ್ಟಿ ಕುಂತೀನಿ! ನೀ ನಡಿ!” ಕೊಂಡಿ ದಾಟಿದಳು, ಮೇಲೆ ಕೈಚಾಚಿದಳು, ಜಾರಿದಳು. ಹಗ್ಗ ಬಿಗಿಯಿತು, ರುಬೀನಾ ತುದಿಗಾಲಿಗೆ ಬಂದಳು, ಪಟ್ಟಿ ನನ್ನನ್ನು ಎಳೆಯಿತು. ನಾನು ಕುಳಿತಲ್ಲಿಂದ ಗೇಣಷ್ಟು ಸರಿದೆ, ಏಳಲಿಲ್ಲ. ರುಬೀನಾ ನೆಲದಲ್ಲೇ ಉಳಿದಳು.

ಮೇಲೆ ತೂಗಾಡುತ್ತಿದ್ದ ಹುಡುಗಿ ಜೋರಾಗಿ ನಕ್ಕಳು. ಬೀಳುವುದರ ಭಯ ಬಿದ್ದಮೇಲೆ ಬಿಟ್ಟಿತ್ತು. ಬೆವರು ಒರೆಸಿಕೊಂಡು ಅದೇ ಜಾಗಕ್ಕೆ ಮತ್ತೆ ಹೋದಳು, ಹಲ್ಲುಕಚ್ಚಿ ದಾಟಿದಳು, ಸರಪಳಿ ಮುಟ್ಟಿದಳು. ತರಬೇತುದಾರರು, “ಆತು, ಹೆಸ್ರು ಬರೀತೇನಿ” ಎಂದರು.

ಈ ಫಲ ಅರ್ಧಕ್ಕೆ ಬಿಟ್ಟ ಉಪವಾಸದ್ದೋ ಪೂರ್ತಿ ಉಂಡ ರೊಟ್ಟಿಯದೋ ಎಂದು ಮನೆಯಲ್ಲಿ ಚರ್ಚೆಯಾಯಿತು. ಮುಂದೆ ಸಂಶಯಕ್ಕೆ ಎಡೆಯಿರಬಾರದೆಂದು ತರಬೇತಿಯ ದಿನ ನನಗೊಂದು ಹೋಳಿಗೆ ಹೆಚ್ಚು ಬಡಿಸಬೇಕೆಂದು ತೀರ್ಮಾನ ಕೊಟ್ಟೆ.

ಹತ್ತಿದವಳಿಗೆ ಆಯುಷ್ಯ ಹೆಚ್ಚಲಿ. ಹಗ್ಗ ಹಿಡಿದವಳ ಕೈ ಎಂದಿಗೂ ಸೋಲದಿರಲಿ. ಕಲಿಸಿದವರಿಗೆ ಕೀರ್ತಿ ಬರಲಿ, ರೊಟ್ಟಿ ಬಡಿದ ಕೈಗೆ ಅನ್ನಪೂರ್ಣೆ ಒಲಿಯಲಿ, ನಮ್ಮೆಲ್ಲರನ್ನೂ ತಡೆದುಕೊಂಡ ಆ ಕರಿಕಲ್ಲು ತಂಪಾಗಿರಲಿ. ಇಷ್ಟೆಲ್ಲ ಹಂಚಿದ ಮೇಲೂ ದೇವರ ಬಳಿ ಏನಾದರೂ ಉಳಿದಿದ್ದರೆ ಅದು ನನ್ನ ಮಂಡಿಗಳಿಗೆ ಸಲ್ಲಲಿ.