ಬಲಗಡೆ ಸೀಟು

ಬಾಗಿಲಲ್ಲಿ ಹೊಸ ಬೋರ್ಡು ಬರೆಸಬೇಕೆಂಬ ಯೋಚನೆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯ ತಲೆಗೆ ಬರದೇ ಇದ್ದಿದ್ದರೆ ಆ ದಿನ ಎಲ್ಲರಿಗೂ ನೆಮ್ಮದಿಯಾಗಿ ಕಳೆಯುತ್ತಿತ್ತು. ಪೇಂಟರ್ ಬೆಳಿಗ್ಗೆಯೇ ಏಣಿ ಹತ್ತಿ, ಒಂದೊಂದು ಮನೆಯ ನಂಬರಿನ ಮುಂದೆ ಆ ಮನೆಯವರ ಕೆಲಸ ಏನೆಂದು ಬರೆಯುತ್ತಿದ್ದ. 'ಡೆಂಟಿಸ್ಟ್' ಎಂಬ ಅಕ್ಷರಗಳು ಇನ್ನೂ ಒಣಗಿರಲಿಲ್ಲ. ಅಷ್ಟರಲ್ಲಿ ಬಿಳಿ ಶರಟು, ಕಪ್ಪು ಟೈ, ಹೆಗಲ ಮೇಲೆ ಮೂರು ಬಂಗಾರದ ಪಟ್ಟಿಗಳೊಂದಿಗೆ ಎರಡನೇ ಮಹಡಿಯ ಅಳಿಯ ಲಿಫ್ಟಿನಿಂದ ಹೊರಗೆ ಬಂದ.

ಅವನನ್ನು ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಅವನ ಮಾವ. ಆಯುಷ್ಯವೆಲ್ಲಾ ಲಾರಿ ಓಡಿಸಿ, ಮೊಣಕಾಲು ಕೈಕೊಟ್ಟ ಮೇಲೆ ಮಗಳ ಮನೆ ಸೇರಿದ್ದ ಮಾವ, ಬಂದ ವಾರದಲ್ಲೇ ಇಡೀ ಕಟ್ಟಡವನ್ನು ವಶಕ್ಕೆ ತೆಗೆದುಕೊಂಡಿದ್ದರು. ನೆಲಮಾಳಿಗೆಯಲ್ಲಿ ಯಾರ ಕಾರು ಹಿಂದಕ್ಕೆ ಬರಬೇಕಾದರೂ ಅವರು ನಿಂತು ಡಿಕ್ಕಿಯ ಮೇಲೆ ಎರಡು ಸಲ ತಟ್ಟಲೇಬೇಕು. ಅಂಥ ಮಾವ ಇರುವ ಮನೆಯಲ್ಲಿ ಪೈಲಟ್ಟಾದರೇನು, ಅಳಿಯನೇ.

"ಸಾರ್, ನಿಮ್ಮದು ಪೈಲಟ್ ಅಂತ ಬರೀಲಾ?" ಎಂದ ಪೇಂಟರ್.

ಹೂಂ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವತ್ತು ಕ್ಯಾಪ್ಟನ್ ಆಗಲು ಅವನಿಗಿದ್ದ ಕೊನೆಯ ಪರೀಕ್ಷೆ. ಪರೀಕ್ಷೆಯ ದಿನ ಸುಳ್ಳು ಹೇಳಿದರೆ ಫೇಲಾಗುತ್ತೇವೆಂಬ ಸ್ಕೂಲಿನ ಕಾಲದ ಹೆದರಿಕೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ.

"ಕೋ-ಪೈಲಟ್ ಅಂತ ಬರಿಯಪ್ಪಾ," ಎಂದ.

ಪೇಂಟರ್ ಕುಂಚ ಕೆಳಗಿಟ್ಟ. ಕಾರ್ಯದರ್ಶಿ ಕನ್ನಡಕ ಏರಿಸಿದರು. ಮಗಳ ಊರಿಗೆ ಹೊರಟು ಸೂಟ್‌ಕೇಸಿನ ಮೇಲೆ ಕೂತಿದ್ದ ಡೆಂಟಿಸ್ಟನ ತಾಯಿ ಎದ್ದೇ ನಿಂತರು.

"ಅಂದ್ರೆ ನೀವು ಪೂರ್ತಿ ಪೈಲಟ್ ಅಲ್ವಾ?" ಎಂದರು ಕಾರ್ಯದರ್ಶಿ.

"ಪೂರ್ತೀನೇ ಸಾರ್. ಲೈಸೆನ್ಸ್ ಇದೆ, ವಿಮಾನ ನಾನೂ ಹಾರಿಸ್ತೀನಿ. ಆದ್ರೆ ಕ್ಯಾಪ್ಟನ್ ಆಗ್ಬೇಕಂದ್ರೆ ಇಷ್ಟು ಸಾವಿರ ಗಂಟೆ ಹಾರಿಸಿರ್ಬೇಕು. ಅದರ ಮೇಲೆ ಪರೀಕ್ಷೆಗಳು, ಕಣ್ಣು, ಕಿವಿ, ಎದೆ ತಪಾಸಣೆ..."

"ಸಂಬಳ?"

"ಅದೂ... ಕ್ಯಾಪ್ಟನ್‌ದು ಹೆಚ್ಚುಕಮ್ಮಿ ಡಬಲ್."

"ಹಾಗಾದ್ರೆ ನೀವು ಅರ್ಧ," ಎಂದು ಕಾರ್ಯದರ್ಶಿ ತೀರ್ಪು ಕೊಟ್ಟರು.

"ನನ್ನ ಮಗ ಓದು ಮುಗಿಸಿದ ಮಾರನೇ ದಿನಾನೇ ಹಲ್ಲು ಕಿತ್ತ ಕಣಪ್ಪಾ," ಎಂದರು ಡೆಂಟಿಸ್ಟನ ತಾಯಿ. "ಅರ್ಧ ನೀನು ಕೀಳು, ಮಿಕ್ಕಿದ್ದು ನಾನು ಕೀಳ್ತೀನಿ ಅಂತ ಅವನಿಗೆ ಯಾರೂ ಹೇಳ್ಲಿಲ್ಲ. ಅಲ್ಲಾ, ಇವತ್ತು ನಾನು ಹತ್ತೋ ವಿಮಾನದಲ್ಲಿ ಪೂರ್ತಿ ಪೈಲಟ್ ಇರ್ತಾರೆ ತಾನೇ?"

ಅಳಿಯನ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಅವನು ಹಂಬಲಿಸಿದ್ದು ಕ್ಯಾಪ್ಟನ್ನರ ಹೆಗಲಿಗಷ್ಟೇ ಸಿಗುವ ನಾಲ್ಕನೇ ಪಟ್ಟಿಗಾಗಿ ಮಾತ್ರವಲ್ಲ. ಒಂದು ದಿನವಾದರೂ ಇದೇ ಬಾಗಿಲಲ್ಲಿ ಇದೇ ಜನ ತನಗೆ ದಾರಿ ಬಿಡಬೇಕೆಂಬ ಆಸೆ ಅವನಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಾವನ ಗಂಟಲು ಕೇಳಿಸಿತು. ಗಲಾಟೆ ಕಿವಿಗೆ ಬಿದ್ದು, ನಡುಮನೆಯ ಗೋಡೆಯಿಂದ ಫೋಟೋ ಕಿತ್ತು, ಕಂಕುಳಲ್ಲಿಟ್ಟುಕೊಂಡೇ ಇಳಿದು ಬಂದಿದ್ದರು. ಹಿಂದೆಯೇ ಅವರ ಮಗಳು, ಅಳಿಯನ ಹೆಂಡತಿ.

"ಯಾರ್ರೀ ಅದು ನನ್ನ ಅಳಿಯಂದ್ರನ್ನ ಅರ್ಧ ಅಂದಿದ್ದು? ನೋಡ್ರಿ ಇಲ್ಲಿ!"

ವಿಮಾನದ ಮುಂಭಾಗದಲ್ಲಿ, ಹಿಂದಿನಿಂದ ತೆಗೆದ ಫೋಟೋ. ಎರಡು ಸೀಟು, ಎರಡು ತಲೆ.

"ನಮ್ಮೋರು ಯಾವ ಕಡೆ ಕೂತಿದಾರೆ? ಬಲಗಡೆ! ಬಲಗಡೆ ಕೂತೋನು ಡ್ರೈವರ್, ಎಡಗಡೆ ಕೂತೋನು ಕ್ಲೀನರ್. ನಲವತ್ತು ವರ್ಷ ಗಾಡಿ ಓಡಿಸಿದೀನಿ, ನನಗೆ ಹೇಳ್ಕೊಡ್ಬೇಡಿ. ಈ ಫೋಟೋ ನೋಡೇ ನಾನು ಮಗಳನ್ನ ಕೊಟ್ಟಿದ್ದು!"

ಅಳಿಯ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಅವನ ಪಾಲಿಶ್ ಮಾಡಿದ ಬೂಟನ್ನು ಬಲವಾಗಿ ತುಳಿದಳು. ಬಾಯಿ ಮುಚ್ಚಿಕೊಂಡಿತು.

ಕಾರ್ಯದರ್ಶಿ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಬಲಗಡೇನೇ," ಎಂದು ಒಪ್ಪಿಕೊಂಡರು. ಪೇಂಟರ್ 'ಪೈಲಟ್' ಎಂದು ದಪ್ಪಗೆ ಬರೆದ. ಅಳಿಯ ಬೂಟಿನ ಮೇಲಿನ ಹೆಜ್ಜೆಗುರುತನ್ನು ಒರೆಸಿಕೊಂಡು ಓಡಿದ.

ಪರೀಕ್ಷೆ ನಡೆಯುವುದು ಪ್ರಯಾಣಿಕರು ತುಂಬಿದ ವಿಮಾನದಲ್ಲೇ. ಪರೀಕ್ಷಕರಿಗೆ ಇಡೀ ಕಂಪನಿ ಇಟ್ಟಿದ್ದ ಹೆಸರು ಗಂಟುಮೋರೆ. ಅಳಿಯ ಕ್ಯಾಪ್ಟನ್ ಸೀಟಿನಲ್ಲಿ ಕೂತ. ಪಕ್ಕದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಕೋ-ಪೈಲಟ್. ಇಬ್ಬರ ಬೆನ್ನಿಗೆ ಗಂಟುಮೋರೆ, ಕೈಯಲ್ಲಿ ಪೆನ್ನು. ಇನ್ನೇನು ಹೊರಡಬೇಕು, ಅಳಿಯ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. "ಪ್ರಯಾಣಿಕರಿಗೆ ನಮಸ್ಕಾರ. ನಾನು ನಿಮ್ಮ ಕ್ಯಾಪ್ಟನ್..."

"ಸುಳ್ಳು!" ಎಂಬ ಕೂಗು ನಾಲ್ಕನೇ ಸಾಲಿನಿಂದ ಬಾಗಿಲು ದಾಟಿ ಒಳಗೆ ಬಂತು.

ಆ ದನಿ ಯಾರದೆಂದು ಅಳಿಯನಿಗೆ ತಕ್ಷಣ ಗೊತ್ತಾಯಿತು.

"ನಮ್ಮ ಬಿಲ್ಡಿಂಗಿನ ಹುಡುಗನೇ ಕಣ್ರೀ ಇವನು! ಕ್ಯಾಪ್ಟನ್ ಅಲ್ಲ ಅಂತ ಬೆಳಿಗ್ಗೆ ಅವನ ಬಾಯಲ್ಲೇ ಹೇಳಿದಾನೆ!" ಎಂದು ಡೆಂಟಿಸ್ಟನ ತಾಯಿ ಅಕ್ಕಪಕ್ಕದವರಿಗೆ ಸಾರುತ್ತಿದ್ದರು. ಒಬ್ಬರು ಬೆಲ್ಟ್ ಬಿಚ್ಚಿದರು. ಇನ್ನೊಬ್ಬರು ಮೇಲಿನಿಂದ ಬ್ಯಾಗು ಎಳೆದರು. ಗಗನಸಖಿ ಓಡೋಡಿ ಬಂದು, "ಸಾರ್, ನಿಜವಾದ ಕ್ಯಾಪ್ಟನ್ನನ್ನ ತೋರಿಸಿ ಅಂತಿದಾರೆ," ಎಂದಳು.

ಗಂಟುಮೋರೆ ತಾವೇ ಬಾಗಿಲಿಗೆ ಹೋಗಿ ನಿಂತರು. "ಗಾಬರಿ ಬೇಡ. ಹಾರಿಸೋದು ಅವರೇ. ನಾನು ಹಿಂದೆ ಕೂತು ನೋಡ್ತಿರ್ತೀನಿ."

"ನೋಡಿದ್ರಾ! ದೊಡ್ಡೋರು ಹಿಂದೆ ಕೂತಿದಾರೆ, ಚಿಕ್ಕೋನು ಕಲೀತಿದಾನೆ! ಮುಂದೆ ಎಲ್ ಬೋರ್ಡ್ ಆದ್ರೂ ಕಟ್ಟಿದೀರಾ?"

ಈಗ ಇಡೀ ವಿಮಾನವೇ ಎದ್ದು ನಿಂತಿತು. ಗಂಟುಮೋರೆ ಒಳಗೆ ಬಂದು ಕೈಗಡಿಯಾರ ನೋಡಿಕೊಂಡರು. "ಹೊರಡೋದು ತಡವಾದ್ರೆ ಪರೀಕ್ಷೆ ಇವತ್ತು ರದ್ದು. ಮುಂದಿನ ತಾರೀಕು ಯಾವಾಗ ಸಿಗುತ್ತೋ ದೇವರೇ ಬಲ್ಲ," ಎಂದರು.

ಅಳಿಯನಿಗೆ ಅಳು ಬರುವುದೊಂದು ಬಾಕಿ. ಬಾಗಿಲಿಗೆ ಹೋಗಿ ಟೊಪ್ಪಿ ತೆಗೆದ. "ಹೌದು, ಇವತ್ತು ನನ್ನ ಪರೀಕ್ಷೆ. ಇಷ್ಟು ವರ್ಷ ನಿಮ್ಮಂಥೋರನ್ನೇ ಹೊತ್ತು ಹಾರಿಸಿದೀನಿ, ಒಂದಿನಾನೂ ತೊಂದ್ರೆ ಆಗಿಲ್ಲ. ಒಂದು ವಿಷಯ ಮಾತ್ರ ಯೋಚನೆ ಮಾಡಿ. ನನಗೆ ಮಾರ್ಕ್ಸ್ ಕೊಡೋರೂ ಇದೇ ವಿಮಾನದಲ್ಲಿದಾರೆ. ಅವರಿಗೂ ಮನೆಯಿದೆ, ಹೆಂಡತಿ ಮಕ್ಕಳಿದಾರೆ. ಧೈರ್ಯ ಇಲ್ಲದೇ ಹತ್ತಿರ್ತಾರಾ?"

ಪ್ರಯಾಣಿಕರು ಗಂಟುಮೋರೆಯನ್ನು ನೋಡಿದರು. ಇಂಥ ಮುಖದವರು ಪ್ರಾಣವನ್ನು ಸುಮ್ಮನೆ ಪಣಕ್ಕಿಡುವವರಲ್ಲ ಎಂದು ಎಲ್ಲರಿಗೂ ಅನ್ನಿಸಿರಬೇಕು. ಬ್ಯಾಗುಗಳು ಮೇಲೆ ಹೋದವು, ಬೆಲ್ಟುಗಳು ಬಿಗಿದವು.

ಆ ದಿನ ವಿಮಾನ ಹೂವಿಟ್ಟ ಹಾಗೆ ಇಳಿಯಿತು. "ನೆಲಕ್ಕೆ ಮುಟ್ಟಿದ್ದೇ ಗೊತ್ತಾಗ್ಲಿಲ್ಲ. ಏನೋ ಎಡವಟ್ಟಾಗಿದೆ," ಎಂದು ಗೊಣಗುತ್ತಾ ಡೆಂಟಿಸ್ಟನ ತಾಯಿ ಮಗಳ ಊರಿನಲ್ಲಿ ಇಳಿದರು. ಇಳಿದವರೇ ಫೋನು ತೆಗೆದರು.

ಸಂಜೆ ವಿಮಾನ ಮರಳಿ ಬಂದು ನಿಂತ ಮೇಲೆ ಗಂಟುಮೋರೆ ಎದ್ದು, ಜೇಬಿನಿಂದ ನಾಲ್ಕು ಪಟ್ಟಿಯ ಹೊಸ ಜೋಡಿ ತೆಗೆದು, ಅಳಿಯನ ಹೆಗಲಿಗೆ ತಾವೇ ತೊಡಿಸಿದರು. "ಕ್ಯಾಪ್ಟನ್," ಎಂದು ಕೈಕುಲುಕಿದರು. ಆ ಮುಖದಲ್ಲಿ ಹಲ್ಲುಗಳೂ ಇವೆಯೆಂದು ಕಂಪನಿಗೆ ಗೊತ್ತಾದದ್ದು ಅವತ್ತೇ. ಹಿಂದೆ ನಿಂತು, ಸೀಟಿನಲ್ಲಿದ್ದ ಇಬ್ಬರ ಫೋಟೋವನ್ನೂ ತೆಗೆದುಕೊಟ್ಟರು. ಅಳಿಯ ಕಣ್ಣೊರೆಸಿಕೊಂಡು ಅದನ್ನು ಹೆಂಡತಿಗೆ ಕಳಿಸಿದ. ಹೆಂಡತಿ ಕುಣಿದಾಡಿಕೊಂಡು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನು ಆ ಬಾಗಿಲನ್ನೇ ಕಣ್ಣಮುಂದೆ ತಂದುಕೊಳ್ಳುತ್ತಿದ್ದ. ಬಂದು ನೋಡಿದರೆ ಎಲ್ಲರೂ ನಿಜವಾಗಿಯೂ ನೆರೆದಿದ್ದರು. ಎಲ್ಲರೂ ಎದ್ದು ನಿಂತು ದಾರಿಯನ್ನೂ ಬಿಟ್ಟರು. ಆದರೆ ಒಬ್ಬರೂ ನಗುತ್ತಿರಲಿಲ್ಲ. ಮಾವ ಕುರ್ಚಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಬೇಜಾರ್ ಮಾಡ್ಕೋಬೇಡಿ," ಎಂದರು ಕಾರ್ಯದರ್ಶಿ, ಅವನ ಬೆನ್ನು ಸವರುತ್ತಾ. "ಪರೀಕ್ಷೆ ಅಂದ್ಮೇಲೆ ಪಾಸು ಫೇಲು ಇದ್ದದ್ದೇ."

"ಫೇಲಾ? ಪಾಸಾಗಿದೀನಿ ಸಾರ್! ಫೋಟೋ ನೋಡ್ಲಿಲ್ವಾ?"

"ನೋಡಿದ್ವಿ ಅಳಿಯಂದ್ರೇ," ಎಂದರು ಮಾವ. "ನಿಮ್ಮನ್ನ ಎಡಗಡೆ ಕೂರಿಸಿಬಿಟ್ಟಿದಾರೆ. ಕ್ಲೀನರ್ ಸೀಟಿಗೆ! ಬಲಗಡೆ ಯಾರೋ ಹುಡುಗಿ ಕೂತಿದಾಳೆ. ಸಣ್ಣ ವಯಸ್ಸು, ಆದ್ರೂ ಸ್ಟೇರಿಂಗ್ ಅವಳ ಕೈಗೆ ಬಂತು ನೋಡಿ. ಡೆಂಟಿಸ್ಟನ ತಾಯಿ ಫೋನಲ್ಲಿ ಎಲ್ಲಾ ಹೇಳಿದ್ರು. ಅಷ್ಟು ಜನರ ಮುಂದೆ ಟೊಪ್ಪಿ ತೆಗೆಸಿದ್ರಂತಲ್ಲಾ."

"ಮಾವಾ, ಪಟ್ಟಿ ನೋಡಿ, ನಾಲ್ಕು!"

"ಸಮಾಧಾನಕ್ಕೆ ಕೊಟ್ಟಿರ್ತಾರೆ. ನನ್ನನ್ನ ಲಾರಿಯಿಂದ ಇಳಿಸಿ ಗೋಡೌನಿಗೆ ಹಾಕಿದಾಗ್ಲೂ ಹೊಸ ಕೋಟು ಹೊಲಿಸಿಕೊಟ್ಟಿದ್ರು."

"ಸಂಬಳ ಡಬಲ್ ಆಗುತ್ತೆ!"

"ಪಾಪ, ಬಾಯಿ ಮುಚ್ಚಿಸೋಕೆ," ಎಂದರು ಕಾರ್ಯದರ್ಶಿ.

ಅಳಿಯನ ಸಹನೆ ತೀರಿತು. "ಅಯ್ಯೋ, ವಿಮಾನದಲ್ಲಿ ಕ್ಯಾಪ್ಟನ್ ಕೂರೋದೇ ಎಡಗಡೆ! ಬಲಗಡೆ ಕೂರೋದು ಕೋ..."

ಅಷ್ಟಕ್ಕೇ ನಿಂತ. ಮಾವ ನಿಧಾನವಾಗಿ ತಲೆ ಎತ್ತಿದ್ದರು. ಅವರ ತೊಡೆಯ ಮೇಲೆ ಹಳೆಯ ಫೋಟೋ ಇನ್ನೂ ಇತ್ತು.

"ಬಲಗಡೆ ಕೂರೋದು?" ಎಂದರು ಮಾವ. "ಅಂದ್ರೆ ಇಷ್ಟು ವರ್ಷ ನೀವು... ನಾನು ಮಗಳನ್ನ ಕೊಟ್ಟಾಗ ನೀವು..."

ಅಳಿಯ ಮಾವನ ಮುಖ ನೋಡಿದ. ಈ ಊರಲ್ಲಿ ಬೋರ್ಡು, ಲೈಸೆನ್ಸು, ಪಟ್ಟಿ ಏನನ್ನೂ ಕೇಳದೆ ತನ್ನನ್ನು ಪೂರ್ತಿ ಎಂದು ನಂಬಿದ್ದ ಮನುಷ್ಯ ಇವರೊಬ್ಬರೇ. ಆ ಮುಖ ಮುರಿಯುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಈ ಸಲ ಹೆಂಡತಿ ಬೂಟು ತುಳಿಯಲೂ ಬೇಕಾಗಲಿಲ್ಲ.

"ಹೌದು ಮಾವಾ," ಎಂದ ಅಳಿಯ ನೆಲ ನೋಡುತ್ತಾ. "ಎಡಗಡೆಗೆ ಹಾಕಿದಾರೆ. ಸ್ವಲ್ಪ ದಿನ ಅಷ್ಟೇ."

ಮಾವ ಎದ್ದು ಬಂದು ಅವನನ್ನು ತಬ್ಬಿಕೊಂಡು, ಬೆನ್ನ ಮೇಲೆ ಎರಡು ಸಲ ತಟ್ಟಿದರು. ಕಾರ್ಯದರ್ಶಿ ಕೈಸನ್ನೆ ಮಾಡಿದರು. ಪೇಂಟರ್ ಏಣಿ ಹತ್ತಿ, 'ಪೈಲಟ್' ಅನ್ನುವುದರ ಹಿಂದೆ ಇದ್ದ ಸ್ವಲ್ಪ ಜಾಗದಲ್ಲಿ 'ಕೋ' ತುರುಕಲು ಕುಂಚ ಎತ್ತಿದ.

"ತೆಳ್ಳಗೆ ಬರಿಯಪ್ಪಾ," ಎಂದರು ಮಾವ. "ಬೇಗ ಅಳಿಸೋದಿದೆ."