ಪೋಲೆಂಡಿನ ಅರಮನೆಯಲ್ಲಿ ನಮ್ಮ ಮಾವನ ಬೂಟು

ನಾನು ಪೋಲೆಂಡ್ ದೇಶವನ್ನು ಕಣ್ಣಾರೆ ಕಂಡು ಬಂದವನು ಎಂಬ ಸಂಗತಿಯನ್ನು, ಯಾರೂ ಕೇಳದಿದ್ದರೂ, ವಿನಯಪೂರ್ವಕವಾಗಿ ಮೊದಲೇ ತಿಳಿಸಿಬಿಡುತ್ತೇನೆ. ಎಪ್ಪತ್ತರ ದಶಕದ ಮೊದಮೊದಲಿನ ಮಾತು. ಆ ದೇಶದ ಟ್ರಾಕ್ಟರುಗಳನ್ನು ನೋಡಿ ಬರಲಿ ಎಂದು ನಮ್ಮ ಕಡೆಯ ಸಹಕಾರ ಸಂಘಗಳ ಹತ್ತು ಜನರನ್ನು ಆರಿಸಿ ಕಳಿಸಿದರು. ಕುಂದಾಣದ ಸಂಘದ ಕಾರ್ಯದರ್ಶಿಯಾದ ನಾನೂ ಅದರಲ್ಲಿ ಒಬ್ಬ. ಟ್ರಾಕ್ಟರು ನೋಡಲು ಎರಡು ದಿನ, ಊರು ನೋಡಲು ಎಂಟು ದಿನ! ಇಂಥ ಕಾರ್ಯಕ್ರಮ ಹಾಕಿದ ಪುಣ್ಯಾತ್ಮ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಅಳುಕೇನೂ ಇರಲಿಲ್ಲ. ದೇವನಹಳ್ಳಿ ಕೋಟೆಯ ಪಕ್ಕದಲ್ಲೇ ಹೈಸ್ಕೂಲು ಓದಿದವನು ನಾನು. ಮಾಕಳಿದುರ್ಗವನ್ನು ಬರಿಗಾಲಲ್ಲಿ ಹತ್ತಿ ಇಳಿದವನು. ಕೋಟೆ, ಅರಮನೆ ನೋಡುವುದು ನನಗೆ ಯಾರಾದರೂ ಹೇಳಿಕೊಡಬೇಕೇ? ನನ್ನ ಬಳಿ ಇಲ್ಲದಿದ್ದದ್ದು ಒಂದೇ ಒಂದು. ಬೂಟು.

ಬೂಟು ಇದ್ದದ್ದು ಹೊಸಕೋಟೆಯಲ್ಲಿ, ನಮ್ಮ ಮಾವ ಪಿಳ್ಳಪ್ಪನವರ ಬಳಿ. ಅವರು ಕಂದಾಯ ಇಲಾಖೆಯಲ್ಲಿ ಶೇಕ್‌ದಾರರಾಗಿ ನಿವೃತ್ತರಾದವರು. ಆ ಕರಿ ಬೂಟನ್ನು ಮೇಲಧಿಕಾರಿಗಳು ಬಂದ ದಿನ ಮಾತ್ರ ಹಾಕುತ್ತಿದ್ದರು. ಮಿಕ್ಕ ದಿನ ಅದು ಬೀರುವಿನಲ್ಲಿ, ಅವರ ಪಂಚೆಗಳಿಗಿಂತ ಮೇಲಿನ ಅರೆಯಲ್ಲಿ ಇರುತ್ತಿತ್ತು. ಮಾವನಿಗೆ ಇನ್ನೊಂದು ಅಭ್ಯಾಸವಿತ್ತು. ತಮ್ಮ ಪ್ರತಿಯೊಂದು ವಸ್ತುವಿನ ಮೇಲೂ ಹೆಸರು ಬರೆಸುವುದು. ಪಾತ್ರೆಗಳ ಮೇಲೆ ಕೆತ್ತಿಸುವುದು ಎಲ್ಲರ ಮನೆಯಲ್ಲೂ ಉಂಟು. ಇವರು ಕೊಡೆ, ಟಾರ್ಚು, ಕುರ್ಚಿಯ ತಳ, ಕೊನೆಗೆ ಬಾವಿ ರಾಟೆಗೂ ಬಿಳಿ ಬಣ್ಣದಲ್ಲಿ ಹೆಸರು ಬರೆದಿದ್ದರು. ಬೂಟಿನ ಒಳಗೂ ಇಂಗ್ಲಿಷಿನಲ್ಲಿ ಹೆಸರು, ಹುದ್ದೆ, ಊರು ಇತ್ತು. ನಾನು ಹೊರಡುವ ಹಿಂದಿನ ದಿನ ಕಡ್ಡಿಗೆ ಹತ್ತಿ ಸುತ್ತಿ, ಕನ್ನಡಕ ಏರಿಸಿ, ಅದರ ಕೆಳಗೆ 'ಇಂಡಿಯಾ' ಎಂದು ಸೇರಿಸಿ ಒಣಗಿಸಿ ಕೊಟ್ಟರು.

ಕೊಡುವಾಗ ಒಂದು ಷರತ್ತು. ಕಾರ್ತೀಕ ಮಾಸದಲ್ಲಿ ನನ್ನ ನಾದಿನಿಯ ಮದುವೆ. ಗಂಡಿನವರು ಕೋಲಾರದ ಕಡೆಯ ಓದಿದ ಜನ, ಗಂಡಿನ ತಂದೆ ಹೈಸ್ಕೂಲು ಹೆಡ್‌ಮಾಸ್ತರು. ದಿಬ್ಬಣ ಬಂದಾಗ ಮಾವ ಬ್ಯಾಂಡಿನ ಜೊತೆ ರಸ್ತೆಗೆ ಹೋಗಿ ಎದುರುಗೊಳ್ಳಬೇಕು, ಆಗ ಕಾಲಲ್ಲಿ ಆ ಬೂಟಿರಬೇಕು.

"ಅಳಿಯಂದ್ರೇ, ನೀವು ಮದುವೆಗೆ ಒಂದಿನ ತಡವಾಗಿ ಬಂದ್ರೂ ನಡೀತದೆ. ಬೂಟು ಮುಂಚೇನೇ ಬರ್ಬೇಕು" ಎಂದರು.

ಬೂಟು ನನ್ನ ಕಾಲಿಗೆ ಎರಡು ಬೆರಳು ದೊಡ್ಡದು. ನನ್ನ ಹೆಂಡತಿ ಜಯಮ್ಮ ಕನ್ನಡ ಪೇಪರನ್ನು ಉಂಡೆ ಮಾಡಿ ಮುಂದಕ್ಕೆ ತುರುಕಿದಳು. ಹೀಗೆ ಕಾಲ್ಬೆರಳಿಗೆ ತಾಯ್ನಾಡಿನ ಸುದ್ದಿಯನ್ನು ಒತ್ತಿಕೊಂಡು ನಾನು ವಿಮಾನ ಹತ್ತಿದೆ.

ವಾರ್ಸಾ ಎಂಥ ಊರು ಎನ್ನುತ್ತೀರಿ! ಯುದ್ಧದಲ್ಲಿ ಹಳೇ ಪೇಟೆಯೆಲ್ಲ ಪುಡಿಯಾಗಿ ಹೋಗಿತ್ತಂತೆ. ಆ ಜನ ಹಳೆಯ ಚಿತ್ರಗಳನ್ನು ಮುಂದಿಟ್ಟುಕೊಂಡು, ಅದೇ ಕಿಟಕಿ, ಅದೇ ಬಾಗಿಲು, ಅದೇ ಬಣ್ಣ ಎಂದು ಇಡೀ ಪೇಟೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು. ಅಂಥದೊಂದು ಗೋಡೆಯನ್ನು ಕೈಯಿಂದ ಸವರಿ ನೋಡಿದೆ. ನಮ್ಮ ಸಂಘದ ಗೋಡೌನಿನ ಬಿದ್ದ ಗೋಡೆ ಮೂರು ವರ್ಷದಿಂದ ಹಾಗೇ ಇದ್ದದ್ದು ನೆನಪಾಗಿ ನಾಚಿಕೆಯಾಯಿತು. ಅಲ್ಲಿಂದ ನಮ್ಮನ್ನು ಒಂದು ದೊಡ್ಡ ಚರ್ಚಿಗೆ ಕರೆದುಕೊಂಡು ಹೋದರು. ದೇವರ ಮನೆಯಲ್ಲವೇ? ನಾನು ಅಭ್ಯಾಸಬಲದಿಂದ ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ಬಂದೆ. ಹೊರಗೆ ಬಂದು ನೋಡಿದರೆ ಬಲಗಾಲಿನ ಬೂಟಿನೊಳಗೆ ಯಾರೋ ಧರ್ಮಾತ್ಮರು ಒಂದು ನಾಣ್ಯ ಹಾಕಿ ಹೋಗಿದ್ದರು.

ನೆಲಮಂಗಲದ ರಂಗಣ್ಣ ನನ್ನ ಜೊತೆಗಾರ, ಸುಮ್ಮನಿರುವ ಜಾಯಮಾನದವನಲ್ಲ. "ಗುರು, ಇನ್ನೂ ಎರಡು ಚರ್ಚು ಐತೆ. ಇದೇ ಕಸುಬು ಮಾಡ್ಕೊ" ಎಂದ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳುವುದು ನಮ್ಮ ವಂಶದಲ್ಲೇ ಇಲ್ಲ.

ಮುಂದಿನ ಊರು ಕ್ರಾಕೋವ್. ಬಹಳ ಹಿಂದೆ ರಾಜರಿದ್ದ ಊರು. ನಡುವೆ ಒಂದು ಚೌಕ, ನಮ್ಮ ಕುಂದಾಣದ ಕೆರೆಯಂಗಳದಷ್ಟು ವಿಶಾಲ. ಅಲ್ಲಿ ಒಂದು ಗೋಪುರದ ಮೇಲಿಂದ ಗಂಟೆಗೊಮ್ಮೆ ಒಬ್ಬ ಕಹಳೆ ಊದುತ್ತಾನೆ, ಊದುತ್ತಾ ಊದುತ್ತಾ ಥಟ್ಟನೆ ಅರ್ಧಕ್ಕೇ ನಿಲ್ಲಿಸುತ್ತಾನೆ. ಹಿಂದೆ ಹೀಗೇ ಊದುತ್ತಿದ್ದವನ ಗಂಟಲಿಗೆ ಶತ್ರುವಿನ ಬಾಣ ತಗುಲಿತಂತೆ, ಅವನ ಗೌರವಕ್ಕೆ ಇಂದಿಗೂ ಹಾಗೆ. ನನ್ನ ಮೈ ಜುಂ ಎಂದಿತು. ಅದೇ ಹುಮ್ಮಸ್ಸಿನಲ್ಲಿ ಗುಡ್ಡದ ಮೇಲಿನ ಅರಮನೆಗೆ ಎಲ್ಲರಿಗಿಂತ ಮುಂದೆ ಹತ್ತಿದೆ.

ಅರಮನೆಯ ಬಾಗಿಲಲ್ಲಿ ದೊಡ್ಡ ಬುಟ್ಟಿ, ಬುಟ್ಟಿಯ ತುಂಬ ಬೂದು ಬಣ್ಣದ ದಪ್ಪ ಉಣ್ಣೆ ಚಪ್ಪಲಿಗಳು. ನನಗೆ ಎಲ್ಲವೂ ಅರ್ಥವಾಗಿಬಿಟ್ಟಿತು! ಬೂಟು ಇಲ್ಲಿ ಬಿಡಬೇಕು, ಇವನ್ನು ಹಾಕಿಕೊಂಡು ಒಳಗೆ ಹೋಗಬೇಕು. ನಮ್ಮ ಸಂಸ್ಕೃತಿಯೇ ಇಲ್ಲಿಯೂ ಇದೆಯಲ್ಲ ಎಂದು ಹಿಗ್ಗಿದೆ. ಬೂಟನ್ನು ಕಳಚಿ, ಯಾರೂ ಕದಿಯದಿರಲಿ ಎಂದು ಕೊಡೆಗಳನ್ನು ಇಡುವ ಕಟಕಟೆಯ ಹಿಂದೆ ಬಚ್ಚಿಟ್ಟೆ. ಉಣ್ಣೆ ಚಪ್ಪಲಿಯಲ್ಲಿ ಕಾಲಿಟ್ಟು ಜಾರಿಕೊಂಡು ಮುಂದೆ ಹೋದೆ. ಹಿಂದೆ ಬಂದವರೆಲ್ಲ ಅದೇ ಚಪ್ಪಲಿಯನ್ನು ಬೂಟಿನ ಮೇಲೆಯೇ ಏರಿಸಿ ಕಟ್ಟಿಕೊಂಡದ್ದನ್ನು ನಾನು ನೋಡಲಿಲ್ಲ. ಗೋಡೆಯ ಮೇಲಿನ ಭಾರಿ ಚಿತ್ರಪಟಗಳಲ್ಲಿ ಮುಳುಗಿಹೋಗಿದ್ದೆ.

ಒಳಗೆ ಹೋದ ಬಾಗಿಲಲ್ಲೇ ಹೊರಗೆ ಬರುತ್ತಾರೆ ಎಂಬುದು ನನ್ನ ನಂಬಿಕೆ. ಆ ಅರಮನೆಯಲ್ಲಿ ಹೋಗುವ ಬಾಗಿಲು ಬೇರೆ, ಬರುವ ಬಾಗಿಲು ಬೇರೆ! ಗುಡ್ಡದ ಇನ್ನೊಂದು ಕಡೆ ಹೊರಬಿದ್ದಾಗ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎಲ್ಲರೂ ಉಣ್ಣೆ ಚಪ್ಪಲಿ ಬಿಚ್ಚಿ ಪೆಟ್ಟಿಗೆಗೆ ಹಾಕಿ ಬೂಟುಗಾಲಲ್ಲಿ ಟಕಟಕ ಇಳಿದರು. ನಾನೊಬ್ಬ ನಿಂತೆ. ನಮ್ಮ ತಂಡದ ನಾಯಕರು ಬೆಂಗಳೂರಿನ ಒಬ್ಬ ಅಧಿಕಾರಿ. ಅವರು ನನ್ನ ಕಾಲು ನೋಡಿ ಸಂಗತಿ ತಿಳಿದು ಬಿಳಿಚಿಕೊಂಡರು. ಅಷ್ಟರಲ್ಲಿ ಮುಂಬಾಗಿಲು ಮುಚ್ಚಿಯಾಗಿತ್ತು. ಸರ್ಕಾರಿ ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ಸಿಕ್ಕಿಬಿದ್ದರೆ ಕಳ್ಳತನವಾಗುತ್ತದೆ, ಮೊದಲು ಅದನ್ನು ಚೀಲಕ್ಕೆ ಹಾಕಿ ಎಂದು ನನ್ನನ್ನು ಬಸ್ಸಿಗೆ ತಳ್ಳಿದರು. ಪೆಟ್ಟಿಗೆಗೆ ಹಾಕಿದ್ದರೆ ಮುಗಿಯುತ್ತಿತ್ತು ಎಂದು ನಮ್ಮಿಬ್ಬರಿಗೂ ಹೊಳೆದದ್ದು ಮೂರು ಮೈಲಿ ಹೋದ ಮೇಲೆ.

ಬಸ್ಸು ಹೋಗಿ ನಿಂತದ್ದು ಎಲ್ಲಿ ಎನ್ನುತ್ತೀರಿ? ಉಪ್ಪಿನ ಗಣಿಯಲ್ಲಿ!

ವಿಯೆಲಿಚ್ಕಾ ಎಂದು ಅದರ ಹೆಸರು. ಮರದ ಮೆಟ್ಟಿಲು ಇಳಿದಷ್ಟೂ ಮುಗಿಯದು. ಕೆಳಗೆ ಹೋದರೆ ಒಂದು ಮಾಯಾಲೋಕ. ಗಣಿ ಕೆಲಸದವರೇ ಉಪ್ಪಿನ ಬಂಡೆಯಲ್ಲಿ ಕೆತ್ತಿದ ದೊಡ್ಡ ಚರ್ಚು. ಗೋಡೆ ಉಪ್ಪು, ವಿಗ್ರಹ ಉಪ್ಪು, ಮೇಲೆ ಝಗಝಗಿಸುವ ದೀಪದ ಗೊಂಚಲಿನ ಹರಳೂ ಉಪ್ಪು! ನೆಲವೂ ಉಪ್ಪು ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ರಾಗಿ ಹೊಲದಲ್ಲಿ ಓಡಾಡಿದ ನನ್ನ ಹಿಮ್ಮಡಿಗಳಲ್ಲಿ ಬೆರಳು ತೂರುವಷ್ಟು ಒಡಕು. ಒಂದೊಂದು ಒಡಕಿಗೂ ಆ ಉಪ್ಪು ಇಳಿಯಿತು. ಅಯ್ಯಯ್ಯೋ, ಆ ಉರಿಯನ್ನು ಏನೆಂದು ಹೇಳಲಿ! ಒಂಟಿಗಾಲಲ್ಲಿ ಕುಣಿದೆ, ಕಾಲು ಬದಲಾಯಿಸಿ ಕುಣಿದೆ, ಕೊನೆಗೆ ಎರಡೂ ಕೈ ಮೇಲೆತ್ತಿ ತಂದೇ, ತಾಯೀ ಎಂದು ಕೂಗಿ ಮಂಡಿಯೂರಿಬಿಟ್ಟೆ.

ನಮಗೆ ಊರು ತೋರಿಸುತ್ತಿದ್ದ ಗೈಡಮ್ಮ ಗಾಬರಿಯಾಗಿ ನಾಯಕರನ್ನು ವಿಚಾರಿಸಿದಳು. ನಾಯಕರು ಒಂದು ಗಳಿಗೆಯೂ ತಡವರಿಸಲಿಲ್ಲ. ಈತ ಮಹಾ ದೈವಭಕ್ತ, ಇವತ್ತಿನಿಂದ ನಿಮ್ಮ ದೇಶವನ್ನೆಲ್ಲ ಬರಿಗಾಲಲ್ಲಿ ನೋಡುತ್ತೇನೆಂದು ಹರಕೆ ಹೊತ್ತಿದ್ದಾನೆ ಎಂದರು. ಗೈಡಮ್ಮನ ಕಣ್ಣು ತುಂಬಿ ಬಂತು. ಆಕೆ ಜನರಿಗೆಲ್ಲ ಹೇಳಿದಳು, ಜನ ಕೈತಟ್ಟಿದರು, ಒಬ್ಬ ಅಜ್ಜಿ ಬಂದು ನನ್ನ ಹಣೆಗೆ ಮುತ್ತಿಟ್ಟಳು.

ನಾಯಕರು ನನ್ನ ಕಿವಿಯ ಹತ್ತಿರ ಬಗ್ಗಿ, "ನಾರಾಯಣಪ್ಪನವ್ರೇ, ದೇಶದ ಮಾನ ಈಗ ನಿಮ್ಮ ಕಾಲಲ್ಲಿದೆ. ಬೂಟಿನ ಸುದ್ದಿ ಎತ್ತಬೇಡಿ" ಎಂದರು.

ಎತ್ತುವ ಹಾಗೇ ಇರಲಿಲ್ಲ. ಬೂಟು ಕೇಳಿದರೆ ಹರಕೆ ಸುಳ್ಳಾಗುತ್ತದೆ. ಉಳಿದ ಮೂರು ದಿನ ನಾನು ಬರಿಗಾಲ ಭಕ್ತ. ಗ್ದಾನ್ಸ್ಕ್ ಎಂಬ ಬಂದರಿನಲ್ಲಿ ಹೊಳೆಯ ದಡಕ್ಕೆ ಬಣ್ಣಬಣ್ಣದ ಎತ್ತರದ ಮನೆಗಳಿದ್ದವಂತೆ, ಜೇನಿನ ಬಣ್ಣದ ಮಣಿಸರದ ಅಂಗಡಿಗಳಿದ್ದವಂತೆ. ರಂಗಣ್ಣ ಹೇಳಿದ. ನನ್ನ ಕಣ್ಣೆಲ್ಲ ಚೂಪುಕಲ್ಲಿನ ಮೇಲೆ. ಟೊರುನ್ ಎಂಬ ಊರಿನಲ್ಲಿ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ತೋರಿಸಿಕೊಟ್ಟ ಕೋಪರ್ನಿಕಸ್ ಹುಟ್ಟಿದ ಮನೆಯಿದೆ. ಭೂಮಿ ತಿರುಗುವುದು ನನಗೆ ತಿಳಿಯಲಿಲ್ಲ, ಅದು ಕೊರೆಯುವಷ್ಟು ತಣ್ಣಗಿದೆ ಎಂಬುದಕ್ಕೆ ಮಾತ್ರ ನಾನೇ ಸಾಕ್ಷಿ. ಒಟ್ಟಿನಲ್ಲಿ ಪೋಲೆಂಡಿನ ನೆಲವನ್ನು ನನ್ನಷ್ಟು ಕೂಲಂಕಷವಾಗಿ ನೋಡಿದ ಭಾರತೀಯ ಇನ್ನೊಬ್ಬನಿಲ್ಲ.

ಬೊಂಬಾಯಿಯಲ್ಲಿ ಇಳಿದು ರಬ್ಬರ್ ಚಪ್ಪಲಿ ಕೊಂಡು ಊರು ಸೇರಿದೆ. ಊರಲ್ಲಿ ಹಾರ ಹಾಕಿದರು, ಭಾಷಣ ಮಾಡಿಸಿದರು. ಮನೆಯ ಬಾಗಿಲಿಗೆ ನನ್ನ ಹೆಸರು, ಅದರ ಕೆಳಗೆ 'ಪೋಲೆಂಡ್ ರಿಟರ್ನ್ಡ್' ಎಂಬ ಬೋರ್ಡನ್ನು ನಾನೇ ಬರೆಸಿ ತಗುಲಿಸಿದೆ. ಜಯಮ್ಮ ಮಾತ್ರ ಹಾರವನ್ನೂ ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. ಕಾಲು ನೋಡಿದಳು.

"ರೀ, ಅಪ್ಪನ ಬೂಟೆಲ್ಲಿ?"

"ಅದೊಂದು ದೊಡ್ಡ ಕಥೆ ಕಣೆ."

"ಚಿಕ್ಕದು ಮಾಡಿ ಹೇಳಿ. ನಾಳೆ ಅಪ್ಪ ಬರ್ತಾವ್ರೆ."

ಹೇಳಿದೆ. ಅವಳು ನಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಪ್ಪನ ಮುಂದೆ ಒಪ್ಪಿಕೊಳ್ಳಿ, ಬೈದರೆ ಬೈಸಿಕೊಳ್ಳಿ ಎಂದಳು. ನಾನೂ ಹಾಗೇ ನಿಶ್ಚಯ ಮಾಡಿದೆ. ಆದರೆ ಮರುದಿನ ಮಾವ ಬಸ್ಸಿಳಿದು ಬಂದು, ಬೂಟಿಗೆಂದೇ ತಂದ ಹೊಸ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಾಗ ನನ್ನ ಬಾಯಿ ತಾನಾಗಿಯೇ ಮಾತಾಡತೊಡಗಿತು. ನಿಮ್ಮ ಬೂಟು ಕ್ರಾಕೋವಿನ ಅರಮನೆಯಲ್ಲಿದೆ ಮಾವ, ಅಷ್ಟು ಒಳ್ಳೆಯ ಬೂಟನ್ನು ಅವರು ಕಂಡೇ ಇರಲಿಲ್ಲ, ಬಿಡಲೇ ಇಲ್ಲ, ಬದಲಿಗೆ ಅರಮನೆಯ ಒಳಗೆ ಮಾತ್ರ ತೊಡುವ ಈ ಪಾದರಕ್ಷೆಯನ್ನು ನಿಮಗೆ ಕಳಿಸಿದ್ದಾರೆ ಎಂದು ಉಣ್ಣೆ ಚಪ್ಪಲಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಅರಮನೆಯ ಒಳಗೆ ಮಾತ್ರ ತೊಡುವುದು ಎಂಬಷ್ಟು ಸತ್ಯ ಅದರಲ್ಲಿತ್ತು.

ಮಾವ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡರು! ಜಯಮ್ಮ ಎದ್ದು ಒಳಗೆ ಹೋದಳು.

ಮದುವೆಯ ದಿನ ಬಂತು. ಹೊಸಕೋಟೆಯ ಬೀದಿಯಲ್ಲಿ ಬ್ಯಾಂಡು, ಕಳಶ, ಮುಂದೆ ನಮ್ಮ ಮಾವ. ಜರಿ ಪೇಟ, ಕರಿ ಕೋಟು, ಕಾಲಲ್ಲಿ ಬೂದು ಉಣ್ಣೆ ಚಪ್ಪಲಿ. ಚಪ್ಪಲಿ ಜಾರದಿರಲೆಂದು ಕಾಲೆಳೆದುಕೊಂಡು ನಡೆಯುತ್ತಿದ್ದರು, ನೋಡುವವರಿಗೆ ಅದೂ ಗಾಂಭೀರ್ಯವೇ. ದಿಬ್ಬಣವನ್ನು ಎದುರುಗೊಂಡು ಮಂಟಪದ ಬಾಗಿಲಿಗೆ ಬಂದು, ಬೀಗರಾದ ಹೆಡ್‌ಮಾಸ್ತರಿಗೆ ಪೋಲೆಂಡಿನ ಅರಮನೆಯಲ್ಲಿ ತಮ್ಮ ಬೂಟು ಗಾಜಿನ ಪೆಟ್ಟಿಗೆಯಲ್ಲಿರುವ ವಿಷಯವನ್ನು ವಿವರಿಸುತ್ತಿದ್ದರು. ಗಾಜಿನ ಪೆಟ್ಟಿಗೆ ನನ್ನದಲ್ಲ, ಅವರೇ ಸೇರಿಸಿದ್ದು. ಆ ಹೊತ್ತಿಗೆ ಸರಿಯಾಗಿ ಅಂಚೆಯವನು ಬಂದ.

ಪಾರ್ಸೆಲ್ಲು. ಮೇಲೆ ವಿದೇಶದ ಸ್ಟಾಂಪು. ವಿಳಾಸ ಮಾವನದು, ಹೆಸರು, ಹುದ್ದೆ, ಊರು, ಇಂಡಿಯಾ. ಮಾವ ಹಿಗ್ಗಿನಿಂದ ಎಲ್ಲರ ಮುಂದೆಯೇ ಬಿಚ್ಚಿಸಿದರು. ಒಳಗೆ ಅದೇ ಬೂಟು, ಪಾಲಿಷ್ ಹಾಕಿ ಮಿರಮಿರ ಮಿಂಚುತ್ತಿತ್ತು. ಜೊತೆಗೆ ಇಂಗ್ಲಿಷಿನ ಕಾಗದ. ಹೆಡ್‌ಮಾಸ್ತರು ಕಾಗದವನ್ನು ಪಡೆದು, ತರಗತಿಯಲ್ಲಿ ಪಾಠ ಓದುವ ಧ್ವನಿಯಲ್ಲಿ ಒಂದೊಂದು ವಾಕ್ಯಕ್ಕೂ ಅರ್ಥ ಹೇಳಿದರು. ಈ ಬೂಟು ಕೊಡೆ ಇಡುವ ಕಟಕಟೆಯ ಹಿಂದೆ ಸಿಕ್ಕಿತು. ಒಳಗೆ ಬರೆದ ವಿಳಾಸಕ್ಕೆ ಕಳಿಸುತ್ತಿದ್ದೇವೆ. ಇದರ ಮಾಲೀಕರು ನಮ್ಮ ಒಂದು ಜೊತೆ ಉಣ್ಣೆ ಚಪ್ಪಲಿಯನ್ನು ಮರೆತು ತೆಗೆದುಕೊಂಡು ಹೋಗಿರುವಂತಿದೆ. ಬಂದವರು ನಡೆದಾಡಿದರೆ ನೆಲ ಒರೆಸಿದಂತಾಗಲಿ ಎಂದು ನಾವು ಅದನ್ನು ಇಟ್ಟಿದ್ದೇವೆ. ದಯವಿಟ್ಟು ಹಿಂದಕ್ಕೆ ಕಳಿಸಿ.

ಬ್ಯಾಂಡಿನವರೂ ನಿಲ್ಲಿಸಿದರು. ಎಲ್ಲರ ಕಣ್ಣು ಮಾವನ ಕಾಲಿನ ಮೇಲೆ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ, ಬಿಡಲಿಲ್ಲ. ನನ್ನಿಂದ ಆ ಹಿರಿಯರಿಗೆ ಮಗಳ ಮದುವೆಯ ದಿನ ಇಂಥ ಅವಮಾನವಾಯಿತಲ್ಲ ಎಂದು ನಿಜವಾಗಿಯೂ ಅಳು ಬಂತು. ಮಾವ ಉಣ್ಣೆ ಚಪ್ಪಲಿ ಕಳಚಿದರು, ಬೂಟಿನಲ್ಲಿ ಕಾಲು ತೂರಿಸಿದರು. ಹೋಗಲಿಲ್ಲ. ಕೈ ಹಾಕಿ ಎರಡು ಪೇಪರಿನ ಉಂಡೆ ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಆ ಪೋಲೆಂಡಿನ ಜನ ಅದನ್ನೂ ಮರೆಯದೆ ವಾಪಸು ಕಳಿಸಿದ್ದರು! ಮೊದಲು ನಕ್ಕದ್ದು ಹೆಡ್‌ಮಾಸ್ತರು. ಆಮೇಲೆ ಮಂಟಪಕ್ಕೆ ಮಂಟಪವೇ ನಕ್ಕಿತು, ಕೊನೆಗೆ ಮಾವನೂ ಪೇಟ ಅಲುಗುವಂತೆ ನಕ್ಕರು. ನಾನು ಬದುಕಿದೆ ಎಂದುಕೊಂಡೆ.

ಧಾರೆ ಮುಗಿಸಿ, ಊಟ ಮುಗಿಸಿ, ಹೊರಡೋಣವೆಂದು ಬಾಗಿಲಿಗೆ ಬಂದರೆ ನನ್ನ ರಬ್ಬರ್ ಚಪ್ಪಲಿ ಬಿಸಿಲಿನಲ್ಲಿ ಒಣಗುತ್ತಿತ್ತು. ಪಕ್ಕದಲ್ಲಿ ಬಿಳಿ ಬಣ್ಣದ ಡಬ್ಬಿ, ಹತ್ತಿ ಸುತ್ತಿದ ಕಡ್ಡಿ. ಚಪ್ಪಲಿಯ ಮೇಲೆ ಮಾವನ ಮುತ್ತಿನಂಥ ಅಕ್ಷರ. ಎಡಗಾಲಿಗೆ 'ನಾರಾಯಣಪ್ಪ, ಪೋಲೆಂಡ್ ರಿಟರ್ನ್ಡ್'. ಬಲಗಾಲಿಗೆ 'ಚಪ್ಪಲಿ ಸಿಕ್ಕಿದವರು, ಜೊತೆಗೆ ಇವನೂ ಸಿಕ್ಕಿದರೆ, ಹೊಸಕೋಟೆಗೆ ತಲುಪಿಸುವುದು'.