ಮೂರು ಗುಟುಕು, ಮೂರು ತೀರ್ಪು

ಮನೆಯಲ್ಲಿ ಬಿಯರ್ ಮಾಡುವವರ ಸ್ಪರ್ಧೆಗೆ ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಆಗುತ್ತಿದ್ದದ್ದು ನನ್ನ ಗೆಳೆಯನಿಗೆ, ಪಕ್ಕದಲ್ಲಿ ನಿಂತು ನೋಡುವ ಕರ್ಮ ನನ್ನದು. ಆತ ಮೈಸೂರಿನ ಎಂಜಿನಿಯರ್, ಸಿಡ್ನಿಯ ಟೂಂಗಾಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲೇ ಚಾಟ್ಸ್‌ವುಡ್‌ನ ಕಂಪನಿಯೊಂದರಲ್ಲಿದ್ದ ಕೆಲಸ ಹೋಯಿತು, ಮತ್ತೆ ಸಿಗಲಿಲ್ಲ. ಇಂಟರ್‌ವ್ಯೂಗಳಲ್ಲಿ ಬೇಡ ಅನ್ನಿಸಿಕೊಂಡು ಅನ್ನಿಸಿಕೊಂಡು ಕೊನೆಗೆ ಗರಾಜಿನಲ್ಲಿ ಬಿಯರ್ ಮಾಡುತ್ತ ಕೂತ. "ಒಂದು ಫಸ್ಟ್ ಪ್ರೈಜ್ ಬರ್ಲಿ ಕಣೋ. ನಾನು ಮಾಡಿದ್ದನ್ನ ಯಾರಾದ್ರೂ ಒಬ್ರು ಚೆನ್ನಾಗಿದೆ ಅನ್ಲಿ" ಅನ್ನುತ್ತಿದ್ದ.

೧. ಕಹಿ

ಸಿಡ್ನಿಯಲ್ಲಿ ಮೊದಲ ಸ್ಪರ್ಧೆ. ಬಾಟಲಿಯ ಮೇಲೆ ಹೆಸರಿಲ್ಲ, ಬರೀ ನಂಬರ್. ಒಬ್ಬ ಜಡ್ಜ್ ಕಹಿ ಜಾಸ್ತಿ ಅಂದ. ಅದೇ ಬಾಟಲಿಯಿಂದ ಕುಡಿದ ಇನ್ನೊಬ್ಬ ಕಹಿ ಸಾಲದು ಅಂದ. ಮೂರನೆಯವನು ಮುಖ್ಯ ಜಡ್ಜ್. ಅವನು ಮೂಸಿ ನೋಡಿ, "ಇದು ಬಿಯರ್ರೇ ಅಲ್ಲ, ಪಾತ್ರೆ ತೊಳೆದ ನೀರು" ಅಂದ.

ಮನೆಗೆ ಬಂದಾಗ ಅವನ ಹೆಂಡತಿ, "ಏನಂದ್ರು?" ಅಂತ ಕೇಳಿದರು.

"ಇಬ್ರು ಬಿಯರ್ ಅಂತ ಒಪ್ಕೊಂಡ್ರು" ಅಂದ.

೨. ಬಿಸಿಬೇಳೆಬಾತ್

ಮುಂದಿನ ವರ್ಷ ಆಕೆ ಜಡ್ಜ್‌ಗಳನ್ನು ಒಲಿಸಿಕೊಳ್ಳೋಣವೆಂದು ಅವರ ಮಧ್ಯಾಹ್ನದ ಊಟಕ್ಕೆ ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತ್ ಕಳಿಸಿದರು. ಖಾರ ನಮ್ಮವರ ಅಳತೆಯದೇ. ಗೆಳೆಯನ ಬಿಯರಿನ ಸರದಿ ಬೆಳಿಗ್ಗೆಯೇ ಮುಗಿದಿತ್ತು, ಎಂದಿನಂತೆ ಕೊಂಕು ನುಡಿದಿದ್ದರು. ಊಟವಾದ ಮೇಲೆ ಬಾಯಿ ಉರಿಯುತ್ತಿದ್ದ ಜಡ್ಜ್‌ಗಳು ಸಿಕ್ಕಿದ್ದನ್ನೆಲ್ಲ ಗಟಗಟ ಕುಡಿದು ಅಮೃತ ಅಂದರು. ಮಧ್ಯಾಹ್ನದ ಸರದಿಯಲ್ಲಿ ಗೆದ್ದವನು ಬಂದು ಗೆಳೆಯನ ಕೈ ಕುಲುಕಿದ.

"ನಿಮ್ಮ ಹೆಂಡ್ತಿಗೆ ಥ್ಯಾಂಕ್ಸ್ ಹೇಳಿ. ಮುಂದಿನ ವರ್ಷಾನೂ ಕಳಿಸ್ಬೇಕು."

೩. ಒಮ್ಮತ

ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದ ಗೆಳೆಯನಿಗೆ ಕ್ಯಾನ್ಸರ್ ಅಂದರು, ಕೈಮೀರಿದೆ ಅಂದರು. ನಂಬದೆ ಇನ್ನಿಬ್ಬರು ಡಾಕ್ಟರ ಹತ್ತಿರ ಹೋದೆವು. ಅವರದೂ ಅದೇ ಮಾತು. ವಾಪಸು ಬರಲು ಕಾರು ಹತ್ತಿ ಬೆಲ್ಟ್ ಹಾಕಿಕೊಳ್ಳುತ್ತ ಅವನೇ ಅಂದ.

"ಮೂರು ಜನ ಜಡ್ಜ್‌ಗಳು ಒಂದೇ ಮಾತು ಹೇಳಿದ್ದು ಇದೇ ಮೊದಲು ನೋಡು."

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಳುವೂ ತಡೆಯಲಾಗಲಿಲ್ಲ.

೪. ಮೆಲ್ಬರ್ನ್

ಬದುಕಿದ್ದಾಗ ಅವನಿಗೆ ತಾಳ್ಮೆಯೇ ಇರಲಿಲ್ಲ. ಬಿಯರ್ ಹದಕ್ಕೆ ಬರುವ ಮೊದಲೇ ದಿನಕ್ಕೊಂದು ಬಾಟಲಿ ತೆಗೆದು ರುಚಿ ನೋಡುತ್ತಿದ್ದ, ಉಳಿದದ್ದನ್ನು ಅವಸರದಲ್ಲಿ ಸ್ಪರ್ಧೆಗೆ ಒಯ್ಯುತ್ತಿದ್ದ. ಅವನು ಹೋದ ಮೇಲೆ ಆಕೆ ಎಷ್ಟೋ ತಿಂಗಳು ಗರಾಜಿನ ಬಾಗಿಲನ್ನೇ ತೆಗೆಯಲಿಲ್ಲ. ಕೊನೆಗೆ ತೆಗೆದಾಗ ಅವನ ಕಡೆಯ ಬಾಟಲಿಗಳು ಹಾಗೇ ಇದ್ದವು. ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮೆಲ್ಬರ್ನ್‌ನ ಸ್ಪರ್ಧೆಗೆ ಹೋದೆವು, ಅವನ ಹೆಸರಿನಲ್ಲೇ ಕೊಟ್ಟೆವು.

ಫಸ್ಟ್ ಪ್ರೈಜ್ ಬಂತು.

ಕೊಟ್ಟವನು ಸಿಡ್ನಿಯಿಂದ ಬಂದಿದ್ದ ಅದೇ ಮುಖ್ಯ ಜಡ್ಜ್. ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು ನನಗೆ. ಅವನಿಗೇನು ಗೊತ್ತು ಪಾಪ, ಇಂಥ ಬಿಯರ್ ಕುಡಿದೇ ಇಲ್ಲ ಅಂತ ಹೊಗಳಿ, ಹೇಗೆ ಮಾಡಿದರು ಎಂದು ಕೇಳಿದ.

"ಎಷ್ಟೋ ತಿಂಗಳು ಮುಟ್ಟಲೇ ಇಲ್ಲ" ಅಂದರು ಆಕೆ.

"ಅದೇ ಗುಟ್ಟು. ಮುಂದಿನ ಸಲಾನೂ ಹೀಗೇ ಕೈ ಹಾಕದೆ ಇರೋಕೆ ನಿಮ್ಮ ಗಂಡನಿಗೆ ಹೇಳಿ."

ಆಕೆ ಬಹುಮಾನದ ಕಪ್ಪನ್ನು ಸೆರಗಿನಿಂದ ಒರೆಸಿದರು.

"ಅವರದೇನೂ ಯೋಚನೆ ಇಲ್ಲ" ಅಂದರು. "ನಾನು ಮಾಡೋದು ಕಲೀಬೇಕು ಅಷ್ಟೆ."